ಬಲಗಣ್ಣು ಮೊದಲು

ಆ ಬೆಳಗ್ಗೆ ಅಣ್ಣ ಹಿತ್ತಲಿನ ಚಪ್ಪರದಡಿ ಕುಲುಮೆಯ ಮುಂದೆ ಕೂತು, ಮೊಂಡಾದ ಉಳಿಗಳನ್ನು ಕಾಯಿಸಿ ಮೊನೆ ತಟ್ಟುತ್ತಿದ್ದ. ಸ್ವಲ್ಪ ದೂರದಲ್ಲಿ ಕ್ಯಾಮೆರಾಮನ್ ಕಪ್ಪು ಬಟ್ಟೆಯ ಚೀಲದೊಳಗೆ ಎರಡೂ ಕೈ ತೂರಿಸಿ, ಮುಖ ಮೇಲೆತ್ತಿ ಕಣ್ಣು ಮುಚ್ಚಿಕೊಂಡು, ಬರೀ ಬೆರಳಿನ ಅಂದಾಜಿನಲ್ಲಿ ಫಿಲ್ಮು ತುಂಬುತ್ತಿದ್ದ. ಅಣ್ಣ ಸುತ್ತಿಗೆ ನಿಲ್ಲಿಸಿ ಅವನನ್ನೇ ನೋಡಿದ.

“ಏನ್ಲಾ, ಚೀಲದೊಳ್ಗೆ ಕೈ ಬಿಟ್ಕೊಂಡು ಏನ್ ಹುಡುಕ್ತಾವ್ನೆ ಅವ್ನು? ಇಲಿ ಗಿಲಿ ಬಿದ್ದೈತಾ?”

“ಬೆಳಕು ಬಿದ್ರೆ ಫಿಲ್ಮು ಕೆಡ್ತದೆ ಕಣಣ್ಣ.”

“ಮತ್ತೆ ನನ್ ಕೈನ ದಿನಾ ಬಿಸ್ಲಲ್ಲಿಟ್ಟು ತೆಗೀತೀರಲ್ಲ, ಅದು ಕೆಡಲ್ವಾ?”

ಜಗಲಿಯ ಮೇಲಿದ್ದ ಅತ್ತಿಗೆ ನಕ್ಕಳು. ಅವಳು ನಕ್ಕಿದ್ದು ಏಕೆಂದು ಅಮೆರಿಕದ ನಿರ್ಮಾಪಕರು ಕೇಳಿದರು. ಹೇಳಿದೆ. ಅವರೂ ನಕ್ಕು, ಅಣ್ಣನಿಗೆ ಕೈ ಮುಗಿದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೆಂಗಳೂರಿನಲ್ಲಿ ಚಿತ್ರೀಕರಣಗಳಿಗೆ ವ್ಯವಸ್ಥಾಪಕನಾಗಿದ್ದೆ. ವ್ಯಾನು, ಊಟ, ಇಳಿದುಕೊಳ್ಳುವ ಜಾಗ, ಅನುಮತಿ, ಇವೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ನಿರ್ಮಾಪಕರು ತಮ್ಮ ದೇಶದಲ್ಲಿ ಸಿನಿಮಾಗಳನ್ನೂ ಟೆಲಿವಿಷನ್ ಸರಣಿಗಳನ್ನೂ ಮಾಡಿ ಹೆಸರಾದವರು. ಅರವತ್ತು ದಾಟಿದ, ಎತ್ತರದ, ಮೆಲುದನಿಯ ಮನುಷ್ಯ. ಒಂದು ಕಲ್ಲು ದೇವರಾಗುವವರೆಗೆ ಏನೇನು ನಡೆಯುತ್ತದೆ ಎಂಬುದನ್ನು ಟೆಲಿವಿಷನ್ನಿಗೆ ಚಿತ್ರವಾಗಿ ಮಾಡಬೇಕೆಂದು ಬಂದಿದ್ದರು. ಶಿವಾರಪಟ್ಟಣದಲ್ಲಿ ಮನೆಮನೆಯಲ್ಲೂ ವಿಗ್ರಹ ಕೆತ್ತುತ್ತಾರೆ. ಅವರು ನಾಲ್ಕು ಅಂಗಳ ನೋಡಿ, ಕೊನೆಗೆ ನಮ್ಮ ಅಂಗಳದಲ್ಲೇ ನಿಂತರು. ಅದಕ್ಕೆ ಕಾರಣ ಅಣ್ಣನ ಎಡಗೈ.

ಅಣ್ಣ ಎಡಚ. ಸುತ್ತಿಗೆ ಎಡಗೈಯಲ್ಲಿ, ಉಳಿ ಬಲಗೈಯಲ್ಲಿ. ಚಿಕ್ಕಂದಿನಲ್ಲಿ ಅಪ್ಪ ಅವನ ಎಡಗೈಯನ್ನು ಪಂಚೆಯ ಅಂಚಿನಿಂದ ಸೊಂಟಕ್ಕೆ ಕಟ್ಟಿ ಕೂರಿಸಿದ್ದನ್ನು ನಾನೇ ನೋಡಿದ್ದೇನೆ. ದೇವರ ಕೆಲಸಕ್ಕೆ ಎಡಗೈ ಎತ್ತಬಾರದೆಂದು. ಆಮೇಲೆ ಒಂದು ದಿನ ಅವನು ಕದ್ದು ಎಡಗೈಯಲ್ಲಿ ಕೆತ್ತಿದ ತಾವರೆಯನ್ನು ನೋಡಿ ಅಪ್ಪ ತಾನೇ ಗಂಟು ಬಿಚ್ಚಿದ.

ಚಿತ್ರಕ್ಕೆ ಅಣ್ಣ ಒಂದು ಷರತ್ತು ಹಾಕಿದ್ದ. ವಿಗ್ರಹಕ್ಕೆ ಕಣ್ಣು ತೆರೆಯುವವರೆಗೆ ತನ್ನ ಮುಖ ತೆಗೆಯಬಾರದು, ಕೈ ಮಾತ್ರ ತೆಗೆಯಬಹುದು. ಇದು ನಮ್ಮ ಮನೆಯ ಪದ್ಧತಿ. “ಮೊದ್ಲು ಅದು ಲೋಕಾನ ನೋಡ್ಲಿ, ಆಮೇಲೆ ಲೋಕ ನಿನ್ನ ನೋಡ್ಲಿ” ಎಂದು ಅಪ್ಪ ಹೇಳುತ್ತಿದ್ದ. ಬೇರೆ ಮನೆಗಳಲ್ಲಿ ಇದು ಇದ್ದಂತಿಲ್ಲ. ನಿರ್ಮಾಪಕರು ಒಂದೇ ಮಾತಿಗೆ ಒಪ್ಪಿದರು. ಅಣ್ಣ ಮಾತಾಡುವುದು, ನಗುವುದು, ಅತ್ತಿಗೆಯ ಜೊತೆ ಕೂರುವುದು, ಎಲ್ಲವನ್ನೂ ಕೊನೆಯ ದಿನಕ್ಕೆ ಇಟ್ಟುಕೊಂಡೆವು.

ವಿಗ್ರಹ ವೆಂಕಟರಮಣನದು. ಮುಳಬಾಗಿಲಿನ ಆಚೆಯ ಒಂದು ಹಳ್ಳಿಯ ಗುಡಿಗೆ. ಆ ಬೆಳಗಿನ ಹೊತ್ತಿಗೆ ಕೆಲಸ ಬಹುಮಟ್ಟಿಗೆ ಮುಗಿದಿತ್ತು. ಕಿರೀಟ, ಕೈಗಳು, ಪಂಚೆಯ ನೆರಿಗೆ, ತುಟಿ ಎಲ್ಲ ಬಂದಿದ್ದವು. ಕಣ್ಣಿನ ಜಾಗದಲ್ಲಿ ರೆಪ್ಪೆಯ ಉಬ್ಬು ಮಾತ್ರ ಇತ್ತು. ಒಳಗಿನ ಗೆರೆಯನ್ನು ಗುಡಿಯಲ್ಲಿ, ಪರದೆಯ ಹಿಂದೆ, ಪ್ರತಿಷ್ಠೆಯ ದಿನವೇ ಹೊಡೆಯಬೇಕು.

ಅಣ್ಣ ಕುಲುಮೆಯಿಂದ ಎದ್ದು ಕೈ ತೊಳೆದು, ಜಗಲಿಯಲ್ಲಿ ಕೂತು ಲೋಟವನ್ನು ಎತ್ತಿ ಹಿಡಿದು ಕಾಫಿ ಕುಡಿಯುತ್ತಿದ್ದ. ಮುಖದ ಒಂದು ಪಕ್ಕಕ್ಕೆ ಎಳೆಬಿಸಿಲು ಬಿದ್ದಿತ್ತು. ಕ್ಯಾಮೆರಾಮನ್ ಮೆಲ್ಲಗೆ, “ಕ್ಯಾಮೆರಾದಲ್ಲಿ ಫಿಲ್ಮು ಇದೆ. ತೆಗೆದುಬಿಡಲೇ? ಅವರಿಗೆ ಗೊತ್ತಾಗುವುದಿಲ್ಲ” ಎಂದ.

“ಬೇಡ. ಮಾತು ಕೊಟ್ಟಿದ್ದೇವೆ” ಎಂದರು ನಿರ್ಮಾಪಕರು.

ಆಮೇಲೆ ಅಣ್ಣ ಬಸ್ಸು ಹಿಡಿಯಲು ಹೊರಟ. ಮಾಲೂರಿಗೆ ಹೋಗಿ, ಕೋಲಾರದಲ್ಲಿ ಬಸ್ಸು ಬದಲಾಯಿಸಿ, ಮುಳಬಾಗಿಲಿಗೆ, ಅಲ್ಲಿಂದ ಆ ಹಳ್ಳಿಗೆ. ವಿಗ್ರಹ ಕೂರುವ ಪೀಠದ ಗುಳಿಯನ್ನು ಇನ್ನೊಮ್ಮೆ ಅಳೆಯಬೇಕಿತ್ತು. ವ್ಯಾನಿನಲ್ಲಿ ಬಿಡುತ್ತೇನೆಂದೆ.

“ನಿನ್ ವ್ಯಾನ್ ತುಂಬ ಪೆಟ್ಗೆ. ನಾನೇನ್ ಪೆಟ್ಗೇನಾ? ಬಸ್ಸಲ್ಲಾದ್ರೆ ನಾಕ್ ಜನ ಮಾತಿಗ್ ಸಿಗ್ತಾರೆ. ಬರ್ತೀನಿ ಕಣೋ.”

ನಾವು ಶ್ರೀನಿವಾಸಪುರದ ಕಡೆ ಹೊರಟೆವು. ಗೌನಿಪಲ್ಲಿಯ ಮಾವಿನ ತೋಪುಗಳು ಹೂಬಿಟ್ಟಿದ್ದವು. ಕೈಯ ಚಿತ್ರಗಳ ನಡುವೆ ಸೇರಿಸಲು ನಿರ್ಮಾಪಕರಿಗೆ ಈ ಸೀಮೆಯ ನೆಲ, ಬಂಡೆ, ಮರಗಳ ಚಿತ್ರ ಬೇಕಿತ್ತು. ತೋಪಿನ ಯಜಮಾನರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಂದು ನಿಂತರು.

“ಏಮಯ್ಯಾ, ಮಾವಿನ ಹೂವು ನೋಡೋಕೆ ಅಮೆರಿಕಾದಿಂದ ಬರ್ಬೇಕಾ? ಕಾಯಿ ಬಿಟ್ಟಾಗ ಬಂದಿದ್ರೆ ತಿನ್ಕೊಂಡಾದ್ರೂ ಹೋಗ್ಬೋದಿತ್ತಲ್ಲ!”

ಮಧ್ಯಾಹ್ನ ಕಳೆದ ಮೇಲೆ ಮೋಟಾರ್ ಸೈಕಲ್ಲಿನಲ್ಲಿ ಒಬ್ಬರು ಬಂದರು. ವಿಗ್ರಹ ಕೂರಬೇಕಿದ್ದ ಗುಡಿಯ ಅರ್ಚಕರ ಮೈದುನ. ನನ್ನನ್ನು ತೋಪಿನ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದರು. ಅಣ್ಣ ಪೀಠದ ಗುಳಿ ಅಳೆದು, ಸರಿಯಾಗಿದೆ ಎಂದು ಹೇಳಿ, ಕುಡಿಯಲು ನೀರು ಕೇಳಿದನಂತೆ. ನೀರು ತರುವಷ್ಟರಲ್ಲಿ ಕಂಬಕ್ಕೆ ಒರಗಿದ್ದವನು ಹಾಗೇ ಜಾರಿದ್ದ. ಮುಳಬಾಗಿಲಿನ ಡಾಕ್ಟರು ಬಂದು ಎದೆ ಮುಟ್ಟಿ ನೋಡಿ, ಆಗಿಹೋಯಿತು ಎಂದರಂತೆ.

“ನಾವು ಇಲ್ಲಿರೋದು ನಿಮಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದೆ. ಅಂಥ ಹೊತ್ತಿನಲ್ಲಿ ಆ ಪ್ರಶ್ನೆ ಯಾಕೆ ಬಂತೋ.

“ನಿಮ್ಮಣ್ಣೋರೇ ಹೇಳ್ತಿದ್ರು. ನಮ್ಮೋರು ಗೌನಿಪಲ್ಲೀಲಿ ಮಾವಿನ ಮರಕ್ಕೆ ಸಿನಿಮಾ ತೋರಿಸ್ತಾವ್ರೆ ಅಂತ. ಎಲ್ರನ್ನೂ ನಗಿಸ್ತಿದ್ರು.”

ವ್ಯಾನಿನ ಹಿಂದಿನ ಸೀಟು ಮಡಚಿ ಪೆಟ್ಟಿಗೆಗಳಿಗೆ ಜಾಗ ಮಾಡುವುದು ನನ್ನ ನಿತ್ಯದ ಕೆಲಸ. ಅಂದು ಪೆಟ್ಟಿಗೆಗಳನ್ನೆಲ್ಲ ಮೇಲಿನ ಕ್ಯಾರಿಯರಿಗೆ ಏರಿಸಿ ಹಗ್ಗ ಬಿಗಿದೆ. ಕ್ಯಾಮೆರಾಮನ್ ಗಂಟು ಹಾಕಿಕೊಟ್ಟ. ಮುಳಬಾಗಿಲಿನಿಂದ ಕೋಲಾರ, ಕೋಲಾರದಿಂದ ಮಾಲೂರಿನ ದಾರಿಯಾಗಿ ಊರಿಗೆ ಅಣ್ಣನನ್ನು ಕರೆದುಕೊಂಡು ಬಂದೆವು. ಬೆಳಗ್ಗೆ ಬೇಡವೆಂದಿದ್ದ ವ್ಯಾನಿನಲ್ಲೇ ಬಂದ.

ಅಣ್ಣನಿಗೆ ಮಕ್ಕಳಿರಲಿಲ್ಲ. ಕರ್ಮ ಮಾಡಿದವನು ನಾನು. ತಲೆ ಬೋಳಿಸಿಕೊಂಡೆ. ಸೂತಕ ಕಳೆಯುವವರೆಗೆ ನಮ್ಮ ಮನೆಯಲ್ಲಿ ಉಳಿ ಮುಟ್ಟುವಂತಿಲ್ಲ. ವಿಗ್ರಹಕ್ಕೆ ಬಿಳಿ ಬಟ್ಟೆ ಹೊದಿಸಿ, ಉಳಿಗಳನ್ನು ಅದರ ಪಾದದ ಹತ್ತಿರ ಮಲಗಿಸಿದೆವು. ನೆರೆಯ ಅಂಗಳಗಳಿಂದ ಸುತ್ತಿಗೆಯ ಸದ್ದು ಬರುತ್ತಲೇ ಇತ್ತು. ನಮ್ಮ ಚಪ್ಪರದಿಂದ ಮಾತ್ರ ಇಲ್ಲ. ನಾನು ಬೆಂಗಳೂರಿಗೆ ಹೋದ ಮೇಲೆ ಎಂದಾದರೂ ಊರಿಗೆ ಬಂದರೆ, ಬೀದಿಯ ತಿರುವಿನಲ್ಲೇ ಅಷ್ಟು ಸದ್ದುಗಳಲ್ಲಿ ಅಣ್ಣನದು ಯಾವುದೆಂದು ತಿಳಿಯುತ್ತಿತ್ತು. ಎಡಗೈಯ ಪೆಟ್ಟು ಸ್ವಲ್ಪ ನಿಧಾನ. ಈಗ ಕಿವಿ ತಾನಾಗಿಯೇ ಅದನ್ನು ಹುಡುಕುತ್ತಿತ್ತು.

ನಿರ್ಮಾಪಕರು ಕೋಲಾರದ ಪ್ರವಾಸಿ ಬಂಗಲೆಯಲ್ಲಿ ಉಳಿದರು. ಅಮೆರಿಕದ ಅವರ ಕಚೇರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ದಿನವಿಡೀ ಕಾದರಂತೆ. ಆ ಕಡೆಯವರು ಎರಡು ದಾರಿ ಹೇಳಿದರು. ಬೇರೆ ಶಿಲ್ಪಿಯನ್ನು ಹಿಡಿದು ಕೊನೆಯ ಭಾಗ ಮುಗಿಸುವುದು, ಇಲ್ಲವೇ ಗಂಟುಮೂಟೆ ಕಟ್ಟಿ ವಾಪಸು ಬರುವುದು. ಸಾವನ್ನು ಚಿತ್ರದಲ್ಲಿ ತರಬಾರದು, ನೋಡುವವರಿಗೆ ಕೊನೆ ಸುಖವಾಗಿರಬೇಕು ಎಂದೂ ಹೇಳಿದ್ದರು.

ಮರುದಿನ ಅವರು ಊರಿಗೆ ಬಂದರು. ಚಪ್ಪಲಿ ಬಿಟ್ಟು, ಬಟ್ಟೆ ಹೊದ್ದ ವಿಗ್ರಹದ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಪಕ್ಕ ಕಲ್ಲುಚೂರುಗಳ ಮೇಲೇ ಕೂತರು.

“ನಿಮ್ಮ ಪದ್ಧತಿಯ ಪ್ರಕಾರ ಈಗ ಇದನ್ನು ಯಾರು ಮುಗಿಸಬೇಕು?”

“ಮನೆಯವರೇ. ಅಂದರೆ ನಾನು.”

“ನಿಮಗೆ ಬರುತ್ತದೆಯೇ?”

“ಬರುತ್ತಿತ್ತು. ಇಪ್ಪತ್ತರವರೆಗೂ ಅಣ್ಣನ ಪಕ್ಕದಲ್ಲೇ ಕೂತು ಕೆತ್ತಿದವನು. ಆಮೇಲೆ ಬಿಟ್ಟೆ.”

“ಹಾಗಾದರೆ ಕಾಯುತ್ತೇನೆ” ಎಂದರು.

ಧ್ವನಿ ಮುದ್ರಿಸುವವನನ್ನು ಬೆಂಗಳೂರಿಗೆ ಕಳುಹಿಸಿ, ತಾವೂ ಕ್ಯಾಮೆರಾಮನ್ನೂ ಮಾತ್ರ ಉಳಿದರು. ಕಚೇರಿಗೆ ಏನು ಹೇಳಿದರೋ ನನಗೆ ತಿಳಿಸಲಿಲ್ಲ. ಸಂಜೆ ಎಂದಾದರೂ ಬಂಗಲೆಗೆ ಹೋದರೆ ವೆರಾಂಡದಲ್ಲಿ ಒಬ್ಬರೇ ಕೂತಿರುತ್ತಿದ್ದರು. ಎದುರಿನ ಕುರ್ಚಿ ತೋರಿಸುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ತಮಗೆ ಊಟದ ಹೊತ್ತೇ ಮರೆತುಹೋಗಿದೆ ಎಂದು ಒಮ್ಮೆ ಹೇಳಿದರು.

ಸೂತಕ ಕಳೆದ ಮೇಲೆ ಅರ್ಚಕರು ಪ್ರತಿಷ್ಠೆಗೆ ಹೊಸ ದಿನ ಗೊತ್ತು ಮಾಡಿದರು. ನಾನು ಉಳಿ ಹಿಡಿದೆ. ಬಿರುಕುಬಿಟ್ಟು ಮೂಲೆಗೆ ಬಿದ್ದಿದ್ದ ಕಲ್ಲಿನ ಮೇಲೆ ಮುಖದ ಆಕಾರ ಬರೆದು, ಕಣ್ಣಿನ ಗೆರೆಯನ್ನು ಮತ್ತೆ ಮತ್ತೆ ಹೊಡೆದು ನೋಡಿದೆ. ಮೊದಮೊದಲು ಗೆರೆ ನಡುಗುತ್ತಿತ್ತು. ಪೆಟ್ಟು ಹಗುರವಾದರೆ ಉಳಿ ಜಾರುತ್ತದೆ, ಗಟ್ಟಿಯಾದರೆ ರೆಪ್ಪೆಯ ಅಂಚು ಸಿಡಿಯುತ್ತದೆ. ಸಿಡಿದ ರೆಪ್ಪೆಗೆ ಮದ್ದಿಲ್ಲ, ವಿಗ್ರಹ ಪೂಜೆಗೆ ಬರುವುದಿಲ್ಲ. ನಾನು ತಪ್ಪಿದರೆ ಅಣ್ಣನ ಕೊನೆಯ ಕೆಲಸ ನೀರಿಗೆ ಹೋಗಬೇಕಿತ್ತು. ಕೆಲವು ದಿನಗಳ ಮೇಲೆ ಕೈಗೆ ಹಳೆಯ ನೆನಪು ಬಂತು.

ಆಗ ಕ್ಯಾಮೆರಾಮನ್ ಒಂದು ಉಪಾಯ ಹೇಳಿದ. ನನ್ನ ಕೈಯೂ ಅಣ್ಣನ ಕೈಯೂ ಒಂದೇ ಬಗೆಯವು, ಅದೇ ಮೊಂಡು ಬೆರಳು, ಅದೇ ಬಣ್ಣ. ಹಿಂದಿನ ದಿನದ ಚಿತ್ರಕ್ಕೆ ಮರುದಿನದ್ದು ಹೊಂದಲೆಂದು, ಅಣ್ಣ ಇದ್ದಾಗಲೇ, ಕೂಡಲೇ ಮೂಡುವ ಫೋಟೋಗಳನ್ನು ಅವನು ತೆಗೆದಿಟ್ಟಿದ್ದ. ಅವುಗಳಲ್ಲೂ ಬರೀ ಅಣ್ಣನ ಕೈ. ಅಣ್ಣನ ಹೆಬ್ಬೆರಳಿನ ಉಗುರು ಪೆಟ್ಟು ತಿಂದು ಕಪ್ಪಾಗಿತ್ತು. ನನ್ನ ಉಗುರಿಗೆ ಮಸಿ ಹಚ್ಚಿದರೆ ಆಯಿತು. ಯಾರಿಗೂ ಗೊತ್ತಾಗದು. ಚಿತ್ರದಲ್ಲಿ ಸಾವೂ ಇರುವುದಿಲ್ಲ, ಬೇರೆ ಶಿಲ್ಪಿಯೂ ಬೇಕಿಲ್ಲ.

ಉಳಿದದ್ದು ಒಂದೇ ತೊಡಕು. ಅಣ್ಣ ಎಡಚ, ನಾನಲ್ಲ. ಎಡಗೈಯಲ್ಲಿ ಸುತ್ತಿಗೆ ಹಿಡಿದು ನೋಡಿದೆ. ಎರಡನೇ ಪೆಟ್ಟಿಗೇ ಬೆರಳು ಜಜ್ಜಿಕೊಂಡೆ. ಕ್ಯಾಮೆರಾಮನ್ ಅದಕ್ಕೂ ದಾರಿ ಹೇಳಿದ. ನಾನು ಬಲಗೈಯಲ್ಲೇ ಕೆಲಸ ಮಾಡಲಿ. ಕಣ್ಣು ಮತ್ತು ಕೈ ಮಾತ್ರ ಕಾಣುವಷ್ಟು ಹತ್ತಿರದಿಂದ ತೆಗೆದು, ಲ್ಯಾಬಿನಲ್ಲಿ ಫಿಲ್ಮನ್ನು ಮಗುಚಿ ಅಚ್ಚು ಹಾಕಿದರೆ ಬಲ ಎಡವಾಗುತ್ತದೆ.

ಅತ್ತಿಗೆಯನ್ನು ಕೇಳಿದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಆ ಕೈ ಅವ್ರದೇ ಅಂತ ಜನ ಅಂದ್ಕೊಂಡ್ರೆ ನಂಗೇನ್ ಬೇಜಾರಪ್ಪ? ಇನ್ನೊಂದ್ ಗಳ್ಗೆ ಇದ್ದಂಗಾಯ್ತು. ಕಣ್ಣು ಮಾತ್ರ ಸರಿಯಾಗಿ ಬರ್ಲಿ. ಅದು ಅವ್ರ ಕೆಲ್ಸ.”

ಸರಿ ಎಂದೆ. ನನಗೂ ಅದು ಬೇಕಾಗಿತ್ತು.

ಚಪ್ಪರದಡಿ ಒಂದು ತಾಲೀಮು ನಡೆಸಿದೆವು. ಮಗುಚಿದ ಚಿತ್ರ ಹೇಗೆ ಕಾಣುತ್ತದೆಂದು ತೋರಿಸಲು ಕ್ಯಾಮೆರಾಮನ್ ಮನೆಯೊಳಗಿನ ಕನ್ನಡಿ ತರಿಸಿ, ನನ್ನ ಪಕ್ಕಕ್ಕೆ ಓರೆಯಾಗಿ ನಿಲ್ಲಿಸಿದ. ಬಿರುಕುಕಲ್ಲಿನ ಮುಖದ ಮೇಲೆ ನಾನು ಗೆರೆ ಹೊಡೆಯತೊಡಗಿದೆ. ಓರೆಗಣ್ಣಿನಲ್ಲಿ ಕನ್ನಡಿ ನೋಡಿದೆ.

ಎಡಗೈಯಲ್ಲಿ ಸುತ್ತಿಗೆ. ಬಲಗೈಯಲ್ಲಿ ಉಳಿ. ಮಸಿ ಹಚ್ಚಿದ ಉಗುರು. ಅಣ್ಣನೇ ಕೂತು ಕೆಲಸ ಮಾಡುತ್ತಿದ್ದ. ನಾನು ಸುತ್ತಿಗೆ ಎತ್ತಿದರೆ ಅವನು ಎತ್ತುತ್ತಿದ್ದ. ನಾನು ನಿಲ್ಲಿಸಿದರೆ ಅವನು ನಿಲ್ಲುತ್ತಿದ್ದ, ಅದಕ್ಕೇ ನಾನು ನಿಲ್ಲಿಸಲಿಲ್ಲ. ಗೆರೆ ಮುಗಿದ ಮೇಲೂ ಅದರ ಮೇಲೇ ಸುಮ್ಮನೆ ತಟ್ಟುತ್ತಾ ಹೋದೆ. ಅತ್ತಿಗೆ ಬಾಗಿಲಿಗೆ ಬಂದು ನೋಡಿ, ಒಳಗೆ ಹೋದಳು.

ಬಹಳ ಹೊತ್ತಿನ ಮೇಲೆ ನನ್ನ ಕಣ್ಣು ಕೈಯಿಂದ ಕಲ್ಲಿನ ಮುಖಕ್ಕೆ ಹೋಯಿತು. ನಾನು ಹೊಡೆದಿದ್ದು ದೇವರ ಬಲಗಣ್ಣು. ಕನ್ನಡಿಯಲ್ಲಿ ತೆರೆದಿದ್ದು ಎಡಗಣ್ಣು. ಬಲಗಣ್ಣು ಇನ್ನೂ ಮುಚ್ಚಿತ್ತು.

ಸುತ್ತಿಗೆ ಕೆಳಗಿಟ್ಟು ಹೇಳಿದೆ. ವೆಂಕಟರಮಣನ ಬಲಗಣ್ಣು ಸೂರ್ಯ, ಎಡಗಣ್ಣು ಚಂದ್ರ. ಬಲಗಣ್ಣನ್ನೇ ಮೊದಲು ತೆರೆಯಬೇಕು. ಮಗುಚಿದ ಚಿತ್ರದಲ್ಲಿ ಅಣ್ಣ ಎಡಗಣ್ಣು ಮೊದಲು ತೆರೆದಂತೆ ಕಾಣುತ್ತದೆ. ಕಲ್ಲಿನ ಕೆಲಸ ಬಲ್ಲ ಯಾರು ನೋಡಿದರೂ, ಈ ಮನುಷ್ಯನಿಗೆ ಇಷ್ಟೂ ಗೊತ್ತಿರಲಿಲ್ಲವೇ ಎನ್ನುತ್ತಾರೆ.

ಕ್ಯಾಮೆರಾಮನ್ ಸ್ವಲ್ಪ ಯೋಚಿಸಿದ. “ಅದಕ್ಕೇನು, ನೀವು ಗುಡಿಯಲ್ಲಿ ಎಡಗಣ್ಣು ಮೊದಲು ತೆರೆಯಿರಿ. ಮಗುಚಿದಾಗ ಬಲಗಣ್ಣಾಗುತ್ತದೆ. ಚಿತ್ರದಲ್ಲಿ ಎಲ್ಲ ಸರಿಯಾಗಿರುತ್ತದೆ” ಎಂದ. ಅವನು ಒಳ್ಳೆಯ ಹುಡುಗ. ಅವನ ಕೆಲಸದ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ.

ಚಿತ್ರ ಸರಿಯಾಗಬೇಕಾದರೆ ದೇವರು ತಪ್ಪಾಗಬೇಕಿತ್ತು. ಗುಡಿಯಲ್ಲಿ ಆ ವಿಗ್ರಹ ಎಷ್ಟೋ ತಲೆಮಾರು ನಿಲ್ಲುವಂಥದ್ದು. ಅದರ ಮುಂದೆ ಕೈ ಮುಗಿಯುವವರಿಗೆ ಇದು ಯಾವತ್ತೂ ತಿಳಿಯುವುದಿಲ್ಲ, ನಿಜ. ಆದರೆ ಆ ವಿಗ್ರಹಕ್ಕೆ ಮೊದಲ ಗೆರೆ ಎಳೆದವನು ಅಣ್ಣ.

“ಆಗಲ್ಲ” ಎಂದೆ. “ನನ್ನ ಕೈ ನನ್ನ ಕೈಯಾಗಿಯೇ ಬರಲಿ. ಬಲಗೈ, ಬಲಗಣ್ಣು ಮೊದಲು. ನಿಮಗೆ ಬೇಕಾದರೆ ತೆಗೆಯಿರಿ. ಬೇಡವಾದರೆ ನಾನೊಬ್ಬನೇ ಹೋಗಿ ಮುಗಿಸಿ ಬರುತ್ತೇನೆ.”

ನಾನು ಕೆಲಸಕ್ಕಿದ್ದವನು. ಅವರೆದುರು ಅಷ್ಟು ಖಡಾಖಂಡಿತವಾಗಿ ಮಾತಾಡಿದ್ದು ಅದೇ ಮೊದಲು. ನಿರ್ಮಾಪಕರು ಕನ್ನಡಿಯನ್ನು ತಾವೇ ಎತ್ತಿ ಗೋಡೆಗೆ ಮುಖ ಮಾಡಿ ಇಟ್ಟರು.

“ನನ್ನ ಕೆಲಸದುದ್ದಕ್ಕೂ ನಟರ ಕೈ ಬದಲಾಯಿಸಿದ್ದೇನೆ” ಎಂದರು. “ಕುದುರೆ ಏರಿದವನ ಬೆನ್ನು ಬೇರೆಯವನದು. ಪಿಯಾನೋ ನುಡಿಸಿದ ಬೆರಳು ಬೇರೆಯವಳದು. ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಈ ಒಂದು ಸಲ ಇದ್ದ ಹಾಗೇ ಇರಲಿ. ಅಲ್ಲಿಯವರೆಗೆ ಎಡಗೈ, ಅಲ್ಲಿಂದ ಬಲಗೈ. ಕಾರಣವನ್ನು ಒಂದು ಸಾಲಿನಲ್ಲಿ ಹೇಳುತ್ತೇನೆ.”

“ನಿಮ್ಮ ಕಚೇರಿಯವರು?”

“ಅವರ ಜೊತೆ ಜಗಳ ಆಡುವುದಕ್ಕೇ ನಿರ್ಮಾಪಕ ಇರುವುದು.”

ನಾನು ಉಗುರಿನ ಮಸಿ ತೊಳೆದುಕೊಂಡೆ.

ಪ್ರತಿಷ್ಠೆಯ ದಿನ ಗುಡಿಯೊಳಗೆ ಪರದೆ ಕಟ್ಟಿದ್ದರು. ಪರದೆಯ ಒಳಗೆ ಅರ್ಚಕರು, ನಾನು, ನಿರ್ಮಾಪಕರು, ಕ್ಯಾಮೆರಾಮನ್. ಅಣ್ಣನ ಸುತ್ತಿಗೆ ಅಡ್ಡ ಬರದಂತೆ ಕ್ಯಾಮೆರಾ ಬಲ ಹೆಗಲಿನ ಹಿಂದೆ ನಿಲ್ಲಬೇಕೆಂದು ಮೊದಲು ಗುರುತು ಹಾಕಿಕೊಂಡಿದ್ದೆವು. ಈಗ ಅದನ್ನು ಎಡ ಹೆಗಲಿನ ಹಿಂದಕ್ಕೆ ಸರಿಸಿದೆವು. ಕಣ್ಣಿನ ನೇರಕ್ಕೆ ಯಾರೂ ನಿಲ್ಲುವಂತಿಲ್ಲ, ದೀಪವೂ ಓರೆಯಲ್ಲೇ. ಪೀಠದ ಗುಳಿಯಲ್ಲಿ ವಿಗ್ರಹ ಕೂದಲೆಳೆಯಷ್ಟೂ ಅಲುಗದೆ ಕೂತಿತ್ತು. ಅಣ್ಣ ಅಂದು ಅಳೆದದ್ದು ಸರಿಯಾಗಿತ್ತು.

ಅರ್ಚಕರು ಮಂತ್ರ ನಿಲ್ಲಿಸಿ, “ಆಗ್ಲಿ ಕಣಪ್ಪ, ನಿಮ್ಮಣ್ಣನ್ನ ನೆನ್ಸ್ಕೊ” ಎಂದರು.

ಉಸಿರು ಹಿಡಿದು ಬಲಗಣ್ಣಿಗೆ ಉಳಿ ಇಟ್ಟೆ. ಹಿಂದೆ ಕ್ಯಾಮೆರಾ ಸಣ್ಣಗೆ ಗಿರ್ರೆನ್ನುತ್ತಿತ್ತು. ಪೆಟ್ಟು ನನ್ನದಾದರೂ, ಉಳಿ ಓಡಬೇಕಾದ ದಾರಿ ಆಗಲೇ ಅಲ್ಲಿತ್ತು. ರೆಪ್ಪೆಯ ಉಬ್ಬನ್ನು ಅಣ್ಣ ಹಾಗೆ ಬಿಟ್ಟುಕೊಟ್ಟಿದ್ದ. ಗೆರೆ ನಡುಗಲಿಲ್ಲ. ಎಡಗಣ್ಣಿಗೆ ಹೋದೆ. ಅದೂ ಮುಗಿಯಿತು. ದೇವರ ಮೊದಲ ನೋಟಕ್ಕೆಂದು ಅರ್ಚಕರು ಕಣ್ಣಿನ ಮುಂದೆ ಕನ್ನಡಿ ಹಿಡಿದರು. ಕೆತ್ತಿದವನು ಹಿಂತಿರುಗಿ ನೋಡಬಾರದು. ನಾನು ಉಳಿ ಸುತ್ತಿಗೆ ತೆಗೆದುಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಣ್ಣ ನೀರು ಕೇಳಿದ್ದ ಕಂಬ ಎದುರಿಗೇ ಇತ್ತು.

ಅವರಿಬ್ಬರೂ ಹಿಂದೆಯೇ ಬಂದರು. ನಮ್ಮ ಯೋಜನೆಯಲ್ಲಿ ಇನ್ನು ಉಳಿದದ್ದು ಒಂದೇ, ಶಿಲ್ಪಿಯ ಮುಖ. ನಿರ್ಮಾಪಕರು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, “ಕಣ್ಣು ತೆರೆಯಿತು. ಷರತ್ತು ಮುಗಿಯಿತು. ತೆಗೆಯಬಹುದೇ?” ಎಂದು ಕೇಳಿದರು.

ತಲೆ ಎತ್ತಿ ನೋಡಿದೆ. ಕ್ಯಾಮೆರಾಮನ್ ಅದನ್ನೇ ಒಪ್ಪಿಗೆ ಎಂದುಕೊಂಡ. ಫಿಲ್ಮು ಮುಗಿದು, ತುದಿ ಒಳಗೆ ಪಟಪಟನೆ ಬಡಿದುಕೊಳ್ಳುವವರೆಗೂ ತೆಗೆದ.

ಕೆಲವು ವರ್ಷಗಳ ಮೇಲೆ ನಿರ್ಮಾಪಕರು ಚಿತ್ರದ ಒಂದು ಪ್ರತಿ ಕಳುಹಿಸಿದರು. ಬೆಂಗಳೂರಿನಲ್ಲಿ ಗೊತ್ತಿದ್ದವರ ಪ್ರೊಜೆಕ್ಟರಿನಲ್ಲಿ ಹಾಕಿಸಿ, ಅತ್ತಿಗೆಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಗೋಡೆಯ ಮೇಲೆ ಅಣ್ಣನ ಕೈ ಬಂತು. ಕಲ್ಲಿಗೆ ದಾರ ಹಿಡಿದು ಗೆರೆ ಎಳೆಯುವ ಕೈ, ಉಳಿಯ ಮೊನೆಯನ್ನು ಹೆಬ್ಬೆರಳಿನಲ್ಲಿ ಸವರಿ ನೋಡುವ ಕೈ, ದೂಳನ್ನು ಒರೆಸುವ ಕೈ. ಅತ್ತಿಗೆ ಮುಂದಕ್ಕೆ ಬಾಗಿ ಕೂತಿದ್ದಳು.

“ಆ ಉಗುರು ನೋಡು. ಬೇವಿನ ಎಣ್ಣೆ ಹಚ್ಕೋ ಅಂದ್ರೆ ಕೇಳ್ತಿರ್ಲಿಲ್ಲ.”

ಆಮೇಲೆ ಬಿಳಿ ಬಟ್ಟೆ ಹೊದ್ದ ವಿಗ್ರಹ. ಇಲ್ಲಿಗೆ ಅಣ್ಣನ ಕೈ ನಿಂತಿತು, ಇಲ್ಲಿಂದ ತಮ್ಮನದು ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಕೇಳಿಸಿತು. ಕಚೇರಿಯವರು ಏನೆಂದಿದ್ದರೋ ತಿಳಿಯದು, ಸಾಲು ಮಾತ್ರ ಉಳಿದಿತ್ತು. ಬಲಗೈ ಬಂತು. ಬಲಗಣ್ಣು ತೆರೆಯಿತು, ಎಡಗಣ್ಣು ತೆರೆಯಿತು. ಕೊನೆಗೆ ಗುಡಿಯ ಮೆಟ್ಟಿಲು, ಬೋಳು ತಲೆ, ನಾನು. ಬಹಳ ಹೊತ್ತು ನಾನೇ.

“ಮುಖ ನಿಂದು ಹಾಕವ್ರೆ” ಎಂದಳು ಅತ್ತಿಗೆ. ಬೇಜಾರಿನಿಂದ ಹೇಳಿದ್ದಲ್ಲ.

ಅಣ್ಣನ ಕೈ ಆ ಚಿತ್ರದಲ್ಲಿ ಬೇಕಾದಷ್ಟಿದೆ. ಮನೆಯಲ್ಲಿರುವುದು ಅವನ ಮದುವೆಯ ಫೋಟೋ ಒಂದೇ, ಅದರಲ್ಲಿ ಬಾಸಿಂಗ ಹಣೆಯಿಂದ ಕಣ್ಣಿನ ಮೇಲಕ್ಕೆ ಇಳಿದಿದೆ, ಹಾರ ಗಲ್ಲದವರೆಗೆ ಬಂದಿದೆ. ಅವನ ಮುಖ ಕಾಣುವ ಚಿತ್ರ ನಮ್ಮಲ್ಲಿ ಒಂದೂ ಇಲ್ಲ.